ಉಬುಂಟು ಹಾಕಿದೆ, ಈಗ ಕಂಪ್ಯೂಟರ್ ಸರಿಯಾಗಿ ಏಳುತ್ತಿಲ್ಲ: ಡ್ಯುಯಲ್ ಬೂಟ್ ಪ್ರಶ್ನೆಗಳಿಗೆ ಉತ್ತರ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಆಮೇಲೆ ವಿಂಡೋಸ್ ಥರದ್ದೇ ಇನ್ನೊಂದು ಓಎಸ್ ಆದ ಲಿನಕ್ಸ್ (ಉಬುಂಟು, ಮಿಂಟ್, ಫೆಡೋರಾ ಎಲ್ಲ ಅದರ ಬಗೆಗಳು) ಕಡೆ ಕಣ್ಣು ಹಾಕಿದವರು ಜಾಸ್ತಿ. ವಿಂಡೋಸ್ ಬಿಡಲು ಮನಸ್ಸಿಲ್ಲ, ಲಿನಕ್ಸೂ ಇರಲಿ ಅಂತ ಎರಡನ್ನೂ ಒಂದೇ ಯಂತ್ರದಲ್ಲಿ ಹಾಕಿಕೊಂಡು, ಮೊದಲ ರೀಸ್ಟಾರ್ಟ್‌ನಲ್ಲೇ ಎದೆ ಧಸಕ್ ಅನ್ನಿಸಿಕೊಂಡವರ ಪ್ರಶ್ನೆಗಳು ಈ ಸಲ ತುಂಬಾ ಬಂದಿವೆ. ಉತ್ತರಕ್ಕೆ ಮೊದಲು ಒಂದು ಮಾತು: ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹಾಕಿ.

ಪ್ರಶ್ನೆ: ವಿಂಡೋಸ್ 11 ಇದ್ದ ಲ್ಯಾಪ್‌ಟಾಪ್‌ನಲ್ಲಿ ಪಕ್ಕಕ್ಕೆ ಉಬುಂಟು ಹಾಕಿದೆ. ಇನ್‌ಸ್ಟಾಲ್ ಮುಗಿಯಿತು ಅಂತಲೇ ಬಂತು. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ಸೀದಾ ವಿಂಡೋಸ್‌ಗೇ ಹೋಗುತ್ತದೆ. ಮೂರು ಸಲ ಹಾಕಿದೆ, ಮೂರು ಸಲವೂ ಇದೇ ಕಥೆ. ಇನ್ನೊಂದು ಸಲ ಹಾಕಲಾ? — ಓದುಗರು, ತುಮಕೂರು

ಬೇಡ ಸಾರ್. ಪೆನ್‌ಡ್ರೈವ್ ಕೆಳಗಿಡಿ. ನಿಮ್ಮ ಉಬುಂಟು ಡಿಸ್ಕಿನಲ್ಲಿ ಆರಾಮಾಗಿ ಕೂತಿದೆ, ಅದನ್ನು ಯಾರೂ ಕರೆಯುತ್ತಿಲ್ಲ ಅಷ್ಟೇ. ಇನ್ನೊಂದು ವಿಷಯ: ಮೂರು ಸಲವೂ "ವಿಂಡೋಸ್ ಪಕ್ಕದಲ್ಲಿ ಹಾಕು" ಅಂತಲೇ ಆರಿಸಿದ್ದರೆ ಈಗ ನಿಮ್ಮ ಡಿಸ್ಕಿನಲ್ಲಿ ಮೂರು ಉಬುಂಟು ಇರಬಹುದು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ, ಹೆಸರಿಲ್ಲದ ಪಾರ್ಟಿಷನ್‌ಗಳು ಸಾಲಾಗಿ ಕಂಡರೆ ಅವೇ. ಈಗಲೇ ಯಾವುದನ್ನೂ ಅಳಿಸಬೇಡಿ.

ಆನ್ ಮಾಡಿದಾಗ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂಗೆ ಫರ್ಮ್‌ವೇರ್ ಅನ್ನುತ್ತಾರೆ. ಅದು ಹಳೆಯ ಬಯೋಸ್ ಆಗಿದ್ದ ಕಾಲದಲ್ಲಿ ಕಂಪ್ಯೂಟರ್ ಡಿಸ್ಕಿನ ಮೊದಲ 512 ಬೈಟ್ ಓದುತ್ತಿತ್ತು. ಅಲ್ಲಿ ಕೊನೆಗೆ ಯಾರು ಬರೆದರೋ ಅವರದೇ ರಾಜ್ಯ. ಈಗಿನದು ಯುಇಎಫ್‌ಐ. ಇದರಲ್ಲಿ ಡಿಸ್ಕಿನ ಒಂದು ಮೂಲೆಯಲ್ಲಿ ಇಎಫ್‌ಐ ಪಾರ್ಟಿಷನ್ ಅಂತ ಸಣ್ಣ ಜಾಗ ಇರುತ್ತದೆ, ವಿಂಡೋಸ್ ಸಾಮಾನ್ಯವಾಗಿ 100 ಎಂಬಿ ಇಡುತ್ತದೆ, ಫಾರ್ಮ್ಯಾಟ್ ಫ್ಯಾಟ್32. ಅದರೊಳಗೆ ಮೈಕ್ರೋಸಾಫ್ಟ್ ಅಂತ ಒಂದು ಫೋಲ್ಡರ್, ಉಬುಂಟು ಅಂತ ಇನ್ನೊಂದು. ಒಬ್ಬರದನ್ನು ಒಬ್ಬರು ಮುಟ್ಟುವುದಿಲ್ಲ. ಇವೆರಡರಲ್ಲಿ ಯಾರನ್ನು ಮೊದಲು ಕರೆಯಬೇಕು ಅನ್ನುವ ಪಟ್ಟಿ ಮಾತ್ರ ಡಿಸ್ಕಿನಲ್ಲಿಲ್ಲ, ಮದರ್‌ಬೋರ್ಡಿನ ಮೆಮೊರಿಯಲ್ಲಿದೆ. ನೀವು ನೂರು ಸಲ ಇನ್‌ಸ್ಟಾಲ್ ಮಾಡಿದರೂ ಆ ಪಟ್ಟಿಯಲ್ಲಿ ವಿಂಡೋಸ್ ಮೇಲಿದ್ದರೆ ವಿಂಡೋಸೇ ಏಳುತ್ತದೆ.

ಹಾಗಾಗಿ ಮೊದಲ ಪರೀಕ್ಷೆ ಇದು. ಲ್ಯಾಪ್‌ಟಾಪ್ ಆಫ್ ಮಾಡಿ, ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಮೊದಲು ಸೆಟಪ್ (ಫರ್ಮ್‌ವೇರ್‌ನ ಸೆಟ್ಟಿಂಗ್ಸ್ ಪರದೆ) ಒಳಗೆ ಹೋಗಿ ಆನ್ ಮಾಡಬೇಕು. ಬರುವ ಪಟ್ಟಿಯಲ್ಲಿ ಉಬುಂಟು ಕಂಡು, ಆರಿಸಿದಾಗ ಅದು ಎದ್ದರೆ ಮುಗಿಯಿತು. ಸೆಟಪ್‌ನ ಬೂಟ್ ಆರ್ಡರ್‌ನಲ್ಲಿ ಉಬುಂಟುವನ್ನು ಮೇಲಕ್ಕೆ ತನ್ನಿ. ಐದು ನಿಮಿಷದ ಕೆಲಸ.

ಪಟ್ಟಿಯಲ್ಲಿ ಉಬುಂಟು ಇಲ್ಲವೇ ಇಲ್ಲ ಅಂದರೆ ಎರಡು ಅನುಮಾನ. ಒಂದು, ಪೆನ್‌ಡ್ರೈವ್ ಲೆಗಸಿ ಮೋಡ್‌ನಲ್ಲಿ, ಅಂದರೆ ಹಳೆಯ ಬಯೋಸ್ ರೀತಿಯಲ್ಲಿ, ಎದ್ದಿರಬಹುದು. ಹಾಗಾದಾಗ ವಿಂಡೋಸ್ ಯುಇಎಫ್‌ಐ, ಉಬುಂಟು ಲೆಗಸಿ. ಇಬ್ಬರೂ ಒಂದೇ ಮನೆಯಲ್ಲಿದ್ದರೂ ಮುಖ ನೋಡಿಕೊಳ್ಳುವುದಿಲ್ಲ. ಪೆನ್‌ಡ್ರೈವ್‌ನಿಂದ "ಟ್ರೈ ಉಬುಂಟು" ಅಂತ ಎದ್ದು, ಸ್ಲ್ಯಾಶ್ ಸಿಸ್ ಒಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ ಅನ್ನುವ ಫೋಲ್ಡರ್ ಇದೆಯಾ ನೋಡಿ. ಇಲ್ಲದಿದ್ದರೆ ಲೆಗಸಿಯಲ್ಲೇ ಎದ್ದಿದೆ. ಸೆಟಪ್‌ನಲ್ಲಿ ಲೆಗಸಿ ಅಥವಾ ಸಿಎಸ್ಎಂ ಅನ್ನುವುದನ್ನು ಆಫ್ ಮಾಡಿ. ಇನ್‌ಸ್ಟಾಲ್ ಪೆನ್‌ಡ್ರೈವ್ ತಯಾರಿಸುವ ರೂಫಸ್ ಅನ್ನುವ ಪ್ರೋಗ್ರಾಂನಲ್ಲಿ ಜಿಪಿಟಿ ಮತ್ತು ಯುಇಎಫ್‌ಐ ಆರಿಸಿ. ಆಗ ಮಾತ್ರ ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿ, ಅದೂ ಪಕ್ಕದಲ್ಲಿ ಅಲ್ಲ, ಮೊದಲು ಹಾಕಿದ ಪಾರ್ಟಿಷನ್ ಮೇಲೆಯೇ.

ಎರಡನೆಯದು ಹಟಮಾರಿ ಫರ್ಮ್‌ವೇರ್. ನೀವು ಪಟ್ಟಿ ಬದಲಿಸುತ್ತೀರಿ, ಅದು ಮತ್ತೆ ವಿಂಡೋಸನ್ನೇ ಮೇಲೆ ತರುತ್ತದೆ. ಇದಕ್ಕೆ ಒಂದು ಕಳ್ಳದಾರಿ ಇದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಬಿಸಿಡಿಎಡಿಟ್ ಕಮಾಂಡ್‌ನಿಂದ ವಿಂಡೋಸ್ ಬೂಟ್ ಮ್ಯಾನೇಜರ್‌ನ "ಪಾತ್" ಅನ್ನುವುದನ್ನು ಇಎಫ್‌ಐ ಒಳಗಿನ ಉಬುಂಟು ಫೋಲ್ಡರಿನ ಶಿಮ್‌ಎಕ್ಸ್64 ಡಾಟ್ ಇಎಫ್‌ಐ ಫೈಲಿಗೆ ತಿರುಗಿಸಿ. ಫರ್ಮ್‌ವೇರ್ ತಾನು ವಿಂಡೋಸ್ ಕರೆದೆ ಅಂದುಕೊಳ್ಳುತ್ತದೆ, ಏಳುವುದು ಗ್ರಬ್, ಅಂದರೆ ಯಾವ ಓಎಸ್ ಬೇಕು ಅಂತ ಕೇಳಿ ಎಬ್ಬಿಸುವ ಲಿನಕ್ಸ್‌ನ ಬೂಟ್‌ಲೋಡರ್. ಅದೇ ಫೋಲ್ಡರಿನಲ್ಲಿ ಗ್ರಬ್ ಹೆಸರಿನ ಫೈಲೂ ಇದೆ, ಅದನ್ನು ಕೊಡಬೇಡಿ. ಅದಕ್ಕೆ ಮೈಕ್ರೋಸಾಫ್ಟ್ ಸಹಿ ಇಲ್ಲ, ನಂಬಿಕೆಯ ಸಹಿ ಇಲ್ಲದ್ದನ್ನು ಏಳಲು ಬಿಡದ ಸೆಕ್ಯೂರ್ ಬೂಟ್ ಅದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಶಿಮ್‌ಗೆ ಸಹಿ ಇದೆ. ಅದು ಒಳಗೆ ಬಂದು ಗ್ರಬ್ಬನ್ನು ಕರೆದುಕೊಳ್ಳುತ್ತದೆ.

ಪ್ರಶ್ನೆ: ನನ್ನದು ಉಲ್ಟಾ. ಗ್ರಬ್ ಮೆನು ಬರುತ್ತದೆ, ಉಬುಂಟು ಇದೆ, ವಿಂಡೋಸ್ ಹೆಸರೇ ಇಲ್ಲ. ಅಳಿಸಿಹೋಯಿತಾ? — ಓದುಗರು, ಶಿವಮೊಗ್ಗ

ಇಲ್ಲ. ಎಫ್12 ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ ನೋಡಿ, ಏಳುತ್ತದೆ. ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಅನ್ನುವ ಪುಟ್ಟ ಪ್ರೋಗ್ರಾಂ ಒಂದಿದೆ. 2021ರಲ್ಲಿ ಬಂದ ಗ್ರಬ್ 2.06ರಿಂದ ಸುರಕ್ಷತೆಯ ಕಾರಣಕ್ಕೆ ಅದನ್ನು ಆಫ್ ಇಟ್ಟೇ ಕೊಡುತ್ತಾರೆ. ಉಬುಂಟುಗೆ ಹೋಗಿ, ಇಟಿಸಿ ಒಳಗಿನ ಡೀಫಾಲ್ಟ್ ಫೋಲ್ಡರಿನಲ್ಲಿರುವ ಗ್ರಬ್ ಫೈಲನ್ನು ಸುಡೊ (ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡುವ ಪದ) ಹಾಕಿ ತೆರೆಯಿರಿ. ಕೊನೆಯಲ್ಲಿ ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಈಕ್ವಲ್ ಟು ಫಾಲ್ಸ್ ಅಂತ ಒಂದು ಸಾಲು. ಹೆಸರಿನ ಭಾಗ ಪೂರ್ತಿ ದೊಡ್ಡಕ್ಷರ, ಪದಗಳ ಮಧ್ಯೆ ಅಂಡರ್‌ಸ್ಕೋರ್, ಫಾಲ್ಸ್ ಮಾತ್ರ ಸಣ್ಣಕ್ಷರ. "ಬೇಡ ಅನ್ನಬೇಡ" ಅಂತ ಹೇಳುವ ವಿಚಿತ್ರ ಸಾಲು ಇದು, ಟ್ರೂ ಅಂತ ಹಾಕಿ ಮೋಸ ಹೋದವರಿದ್ದಾರೆ. ಆಮೇಲೆ ಸುಡೊ ಅಪ್‌ಡೇಟ್-ಗ್ರಬ್. ಅದು ಓಡುವಾಗ ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು ಅಂತ ಒಂದು ಸಾಲು ಬಂದರೆ ಕೆಲಸ ಆಯಿತು.

ಪ್ರಶ್ನೆ: ಸಿ ಡ್ರೈವ್‌ನಲ್ಲಿ ಜಾಗ ಸಾಲಲಿಲ್ಲ ಅಂತ ವಿಂಡೋಸ್ ಒಳಗಿಂದಲೇ ಲಿನಕ್ಸ್ ಪಾರ್ಟಿಷನ್ ಡಿಲೀಟ್ ಮಾಡಿದೆ. ಈಗ ಕಪ್ಪು ಪರದೆ, ಅದರಲ್ಲಿ ಗ್ರಬ್ ಅಂತ ಬಂದು ಸುಮ್ನೆ ಕೂರುತ್ತದೆ. ರಿಪೇರಿ ಅಂಗಡಿಯವರು ಪೂರ್ತಿ ಫಾರ್ಮ್ಯಾಟ್ ಮಾಡಬೇಕು ಅಂತಿದ್ದಾರೆ. — ವಿದ್ಯಾರ್ಥಿನಿ, ಹುಬ್ಬಳ್ಳಿ

ಫಾರ್ಮ್ಯಾಟ್ ಬೇಡ ಕಣಮ್ಮ, ಲ್ಯಾಪ್‌ಟಾಪ್ ವಾಪಸ್ ತಗೊಂಡು ಬಾ. ನೀನು ಅಳಿಸಿದ್ದು ಲಿನಕ್ಸನ್ನು. ಅದನ್ನು ಕರೆಯುವ ಗ್ರಬ್ ಇನ್ನೂ ಇಎಫ್‌ಐ ಪಾರ್ಟಿಷನ್‌ನಲ್ಲಿದೆ, ಎದ್ದು ತನ್ನ ಮೆನು ಫೈಲ್ ಹುಡುಕುತ್ತದೆ, ಸಿಗದೆ ನಿಂತುಬಿಡುತ್ತದೆ. ಆ ಕಪ್ಪು ಪರದೆಯಲ್ಲೇ ಎಕ್ಸಿಟ್ ಅಂತ ಟೈಪ್ ಮಾಡಿ ಎಂಟರ್ ಒತ್ತು. ಎಷ್ಟೋ ಯಂತ್ರಗಳಲ್ಲಿ ಅಷ್ಟಕ್ಕೇ ವಿಂಡೋಸ್ ಏಳುತ್ತದೆ. ಇಲ್ಲದಿದ್ದರೆ ಎಫ್12 ಇದ್ದೇ ಇದೆ.

ವಿಂಡೋಸ್ ಎದ್ದ ಮೇಲೆ ಗುಡಿಸುವ ಕೆಲಸ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೌಂಟ್‌ವಾಲ್, ಜಾಗ ಬಿಟ್ಟು ಎಸ್ ಕೋಲನ್, ಜಾಗ ಬಿಟ್ಟು ಸ್ಲ್ಯಾಶ್ ಎಸ್. ಇದರಿಂದ ಇಎಫ್‌ಐ ಪಾರ್ಟಿಷನ್ ಎಸ್ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ. ಅಲ್ಲಿ ಉಬುಂಟು ಫೋಲ್ಡರ್ ಒಂದನ್ನೇ ಅಳಿಸು. ಮೈಕ್ರೋಸಾಫ್ಟ್, ಬೂಟ್ ಅನ್ನುವ ಫೋಲ್ಡರ್‌ಗಳನ್ನು ಮುಟ್ಟಿದರೆ ಆಗ ನಿಜವಾಗಿ ಅಂಗಡಿಗೆ ಹೋಗಬೇಕಾಗುತ್ತದೆ. ಕೊನೆಗೆ ಸೆಟಪ್‌ನಲ್ಲಿ ವಿಂಡೋಸನ್ನು ಮೊದಲಿಗೆ ಇಡು.

ನೆಟ್ಟಿನಲ್ಲಿ ಹುಡುಕಿದರೆ ಎಲ್ಲರೂ ಬೂಟ್‌ರೆಕ್ ಫಿಕ್ಸ್‌ಎಂಬಿಆರ್ ಅನ್ನುತ್ತಾರೆ. ಅದು ಹಳೆಯ 512 ಬೈಟ್ ಕಾಲದ ಮದ್ದು. ಯುಇಎಫ್‌ಐ ಯಂತ್ರಕ್ಕೆ ಅದರಿಂದ ಕೆಡುಕೂ ಇಲ್ಲ, ಗುಣವೂ ಇಲ್ಲ. ವಿಂಡೋಸ್‌ನ ಬೂಟ್ ಫೈಲುಗಳೇ ಹೋಗಿದ್ದರೆ, ವಿಂಡೋಸ್ ಪೆನ್‌ಡ್ರೈವ್‌ನಿಂದ ಎದ್ದು ಬಿಸಿಡಿಬೂಟ್ ಕಮಾಂಡ್‌ಗೆ ವಿಂಡೋಸ್ ಫೋಲ್ಡರ್ ತೋರಿಸಿದರೆ ಅದು ಹೊಸದಾಗಿ ಬರೆದುಕೊಡುತ್ತದೆ. ಆ ಪರಿಸರದಲ್ಲಿ ಸಿ ಡ್ರೈವ್ ಡಿ ಆಗಿಯೋ ಇ ಆಗಿಯೋ ಕಾಣಬಹುದು, ಡಿರ್ ಹಾಕಿ ನೋಡಿಕೊಂಡೇ ಮುಂದುವರಿ.

ಗ್ರಬ್ ವಿಷಯದಲ್ಲಿ ಎಡವುವುದು ನಾಚಿಕೆಯ ವಿಷಯ ಅಲ್ಲ. ಒಮ್ಮೆ ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಗ್ರಬ್ಬನ್ನು ಡಿಸ್ಕಿನ ಬದಲು ಪೆನ್‌ಡ್ರೈವ್‌ಗೇ ಹಾಕಿಬಿಟ್ಟಿದ್ದೆ. ಪೆನ್‌ಡ್ರೈವ್ ಕೀಲಿಕೈ ಥರ ಆಗಿಹೋಯಿತು. ಅದು ಚುಚ್ಚಿದರೆ ಕಂಪ್ಯೂಟರ್ ಏಳುತ್ತದೆ, ಕಿತ್ತರೆ ಇಲ್ಲ. ಯಾಕೆ ಹೀಗೆ ಅಂತ ಗೊತ್ತಾಗಲು ಎರಡು ದಿನ ಹಿಡಿಯಿತು.

ಪ್ರಶ್ನೆ: ಯಾರೋ ಹೇಳಿದರು ಅಂತ ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸ್ ಮಿಂಟ್ ಹಾಕಿದೆ. ಮಿಂಟ್ ಚೆನ್ನಾಗಿದೆ. ವಿಂಡೋಸ್‌ಗೆ ಹೋದರೆ ನೀಲಿ ಪರದೆ, 48 ಅಂಕಿಯ ಬಿಟ್‌ಲಾಕರ್ ಕೀ ಕೇಳುತ್ತಿದೆ. ನಾನು ಬಿಟ್‌ಲಾಕರ್ ಯಾವತ್ತೂ ಆನ್ ಮಾಡಿಲ್ಲ. ಮಗಳ ಹತ್ತು ವರ್ಷದ ಫೋಟೊಗಳು ಅದರಲ್ಲಿವೆ. — ಓದುಗರು, ಮೈಸೂರು

ಮೊದಲು ಒಂದು ಬೇಡಿಕೆ: ವಿಂಡೋಸ್ ಮತ್ತೆ ಹಾಕುವುದು, ಪಾರ್ಟಿಷನ್ ಸರಿಪಡಿಸುವುದು, ಏನನ್ನೂ ಮಾಡಬೇಡಿ. ಈ ಅಂಕಣದ ಬೇರೆ ಪ್ರಶ್ನೆಗಳಲ್ಲಿ ಡೇಟಾಗೆ ಅಪಾಯ ಇಲ್ಲ, ನಿಮ್ಮದರಲ್ಲಿ ಇದೆ. ಅದಕ್ಕೇ ನಿಧಾನವಾಗಿ ಹೋಗೋಣ.

ನೀವು ಆನ್ ಮಾಡಿಲ್ಲ, ನಿಜ. ವಿಂಡೋಸೇ ಮಾಡಿದೆ. ಬಹಳಷ್ಟು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್, ಡಿವೈಸ್ ಎನ್‌ಕ್ರಿಪ್ಷನ್ ಅನ್ನುವ ಹೆಸರಿನಲ್ಲಿ, ತಾನಾಗಿ ಶುರುವಾಗುತ್ತದೆ. ಬೀಗದ ಕೀಲಿ ಟಿಪಿಎಂ ಚಿಪ್‌ನಲ್ಲಿರುತ್ತದೆ. ಯಂತ್ರ ಪ್ರತಿ ಸಲ ಏಳುವಾಗ "ಎಲ್ಲ ನಿನ್ನೆಯ ಹಾಗೇ ಇದೆಯಾ" ಅಂತ ಚಿಪ್ ನೋಡುತ್ತದೆ. ಸೆಕ್ಯೂರ್ ಬೂಟ್ ಆಫ್ ಆಗಿದ್ದು ಅದರ ಕಣ್ಣಿಗೆ ಬಿತ್ತು, ಕೀಲಿ ಕೊಡಲು ಒಪ್ಪಲಿಲ್ಲ. ಕಳ್ಳ ಡಿಸ್ಕ್ ಕದ್ದರೂ ಓದಲಾಗಬಾರದು ಅಂತ ಮಾಡಿದ ವ್ಯವಸ್ಥೆಗೆ ನೀವೇ ಕಳ್ಳರ ಹಾಗೆ ಕಂಡಿರಿ.

ಹಾಗಾಗಿ ನಿನ್ನೆಯ ಸ್ಥಿತಿಗೆ ತನ್ನಿ. ಸೆಟಪ್‌ಗೆ ಹೋಗಿ ಸೆಕ್ಯೂರ್ ಬೂಟ್ ಆನ್ ಮಾಡಿ, ಬೇರೆ ಏನಾದರೂ ಬದಲಿಸಿದ್ದರೆ ಅದನ್ನೂ ಹಿಂದಿನಂತೆ ಇಡಿ. ಆಮೇಲೆ ಗ್ರಬ್ ಮೆನುವಿನಿಂದ ಅಲ್ಲ, ಎಫ್12 ಥರದ ಬೂಟ್ ಮೆನುವಿನಿಂದ ನೇರವಾಗಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ಬಹಳ ಸಲ ಕೀ ಕೇಳದೆ ತೆರೆದುಕೊಳ್ಳುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೂ ಮಿಂಟ್, ಉಬುಂಟು, ಫೆಡೋರಾಗಳು ಸಾಮಾನ್ಯವಾಗಿ ಏಳುತ್ತವೆ, ಅದನ್ನು ಆಫ್ ಮಾಡಿಸುವುದು ಹಳೆಯ ಅಭ್ಯಾಸ.

ಆಗಲೂ ಕೇಳಿದರೆ ಕೀ ಹುಡುಕಬೇಕು. ನೀಲಿ ಪರದೆಯಲ್ಲಿ ರಿಕವರಿ ಕೀ ಐಡಿ ಇರುತ್ತದೆ, ಅದರ ಮೊದಲ ಎಂಟು ಅಕ್ಷರ ಬರೆದುಕೊಳ್ಳಿ. ಫೋನಿನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ನಿಮ್ಮ ಡಿವೈಸ್‌ನ ರಿಕವರಿ ಕೀಗಳ ಪುಟ ನೋಡಿ, ಐಡಿ ಹೊಂದುವ ಸಾಲಿನಲ್ಲಿ 48 ಅಂಕಿ ಇರುತ್ತದೆ. ನನ್ನ ಖಾತೆಯಲ್ಲಿ ಇಲ್ಲ ಅಂತ ಅಲ್ಲಿಗೇ ಬಿಡಬೇಡಿ. ಲ್ಯಾಪ್‌ಟಾಪ್ ಮೊದಲ ಸಲ ಆನ್ ಮಾಡಿದ್ದು ಯಾರು? ಮಗಳ ಇಮೇಲಾ, ಮನೆಯವರದಾ, ಅಥವಾ ಕೊಂಡ ದಿನ ಅಂಗಡಿಯಲ್ಲಿ ಸೆಟಪ್ ಮಾಡಿಕೊಟ್ಟ ಹುಡುಗ ಯಾವುದಾದರೂ ಹೊಸ ಐಡಿ ಮಾಡಿದ್ದನಾ? ಕಚೇರಿ ಅಥವಾ ಕಾಲೇಜಿನ ಖಾತೆ ಸೇರಿಸಿದ್ದರೆ ಅಲ್ಲಿನ ಐಟಿ ವಿಭಾಗದವರ ಹತ್ತಿರ ಇರಬಹುದು.

ಎಲ್ಲೂ ಸಿಗದಿದ್ದರೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಕೀ ಇಲ್ಲದೆ ಆ ಬೀಗ ತೆಗೆಯಲು ಬರುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟರೆ ತೆಗೆದುಕೊಡುತ್ತೇವೆ ಅನ್ನುವವರಿಗೆ ಹಣ ಕೊಡುವ ಮೊದಲು ಹಳೆಯ ಫೋನು, ಕ್ಲೌಡ್, ನೆಂಟರ ವಾಟ್ಸಾಪ್ ಎಲ್ಲ ಜಾಲಾಡಿ.

ಇನ್ನೂ ಲಿನಕ್ಸ್ ಹಾಕದೆ ಇದನ್ನು ಓದುತ್ತಿರುವವರು ಈಗಲೇ ಎದ್ದು ಆ 48 ಅಂಕಿಯನ್ನು ಕಾಗದದಲ್ಲಿ ಬರೆದಿಡಿ. ಸೆಟಪ್ ಮುಟ್ಟುವ ಮೊದಲು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ. ಬಯೋಸ್ ಅಪ್‌ಡೇಟ್ ಮಾಡುವಾಗಲೂ ಅಷ್ಟೇ.

ಪ್ರಶ್ನೆ: ಒಂದು ವರ್ಷದಿಂದ ಎರಡೂ ಸರಿಯಾಗಿತ್ತು. ಹಳೆಯ ಉಬುಂಟು. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಉಬುಂಟು ಆರಿಸಿದರೆ ಎಸ್‌ಬ್ಯಾಟ್ ಅಂತೇನೋ ತೋರಿಸಿ ಆಫ್ ಆಗುತ್ತದೆ. — ಓದುಗರು, ಮಂಗಳೂರು

"ಸಂಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್" ಅಂತಲೂ ಬರುತ್ತದೆ ಅಲ್ವಾ? 2024ರ ಆಗಸ್ಟ್ ಅಪ್‌ಡೇಟ್ ಹಳೆಯ, ದೋಷ ಇರುವ ಲಿನಕ್ಸ್ ಬೂಟ್‌ಲೋಡರ್‌ಗಳನ್ನು ತಡೆಯುವ ಎಸ್‌ಬ್ಯಾಟ್ ಅನ್ನುವ ಪಟ್ಟಿಯನ್ನು ಹಾಕಿತು. ಡ್ಯುಯಲ್ ಬೂಟ್ ಇರುವವರಿಗೆ ಇದು ತಗಲುವುದಿಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತ್ತು, ತಗಲಿತು. 2025ರ ಮೇ ಅಪ್‌ಡೇಟ್‌ನಲ್ಲಿ ಸರಿಪಡಿಸಿದರು. ಯಂತ್ರದಲ್ಲಿ ಆಗಲೇ ಕೂತ ಪಟ್ಟಿ ಹೋಗಬೇಕಾದರೆ ಹೀಗೆ ಮಾಡಿ. ಬಿಟ್‌ಲಾಕರ್ ಕೀ ಕೈಯಲ್ಲಿ ಇಟ್ಟುಕೊಂಡು ಸೆಕ್ಯೂರ್ ಬೂಟ್ ಆಫ್ ಮಾಡಿ, ಉಬುಂಟುಗೆ ಹೋಗಿ ಸುಡೊ ಮೋಕ್‌ಯುಟಿಲ್, ಎರಡು ಅಡ್ಡಗೆರೆ ಹಾಕಿ ಸೆಟ್-ಎಸ್‌ಬ್ಯಾಟ್-ಪಾಲಿಸಿ, ಕೊನೆಗೆ ಡಿಲೀಟ್. ರೀಬೂಟ್ ಮಾಡಿ ಮತ್ತೆ ಉಬುಂಟುಗೇ ಹೋಗಿ. ಅಲ್ಲಿ ಎಲ್ಲ ಅಪ್‌ಡೇಟ್‌ಗಳನ್ನೂ ಹಾಕಿಕೊಳ್ಳಿ, ಹೊಸ ಶಿಮ್ ಬರಬೇಕು. ಆಮೇಲೆ ಸೆಕ್ಯೂರ್ ಬೂಟ್ ಆನ್. ಆಫ್ ಮಾಡಿಯೇ ಬಿಡಬೇಡಿ.

ಪ್ರಶ್ನೆ: ಎರಡು ಸಣ್ಣ ತೊಂದರೆ. ಉಬುಂಟುನಿಂದ ವಿಂಡೋಸ್‌ಗೆ ಬಂದಾಗೆಲ್ಲ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಉಬುಂಟುನಲ್ಲಿ ಡಿ ಡ್ರೈವ್‌ಗೆ ಏನೂ ಸೇವ್ ಆಗುವುದಿಲ್ಲ. — ಓದುಗರು, ಬೆಳಗಾವಿ

ಐದೂವರೆ ಅಂದ ಕೂಡಲೇ ಕಾರಣ ಸಿಕ್ಕಿಬಿಟ್ಟಿತು. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಸಮಯ (ಜಗತ್ತಿನ ಪ್ರಮಾಣ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತದೆ. ಉಬುಂಟುನಲ್ಲಿ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಒಮ್ಮೆ ಹಾಕಿ. ಅದು ಒಂದು ಎಚ್ಚರಿಕೆ ತೋರಿಸುತ್ತದೆ. ನಮ್ಮಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ಹಾಗಾಗಿ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಡಿ ಡ್ರೈವ್ ಕಥೆ ಬೇರೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ಹೈಬರ್ನೇಟ್ ಆಗುತ್ತದೆ. ಹಾಗೆ ಬಿಟ್ಟುಹೋದ ಡ್ರೈವನ್ನು ಲಿನಕ್ಸ್ ಓದುತ್ತದೆ, ಬರೆಯಲು ಹೋಗುವುದಿಲ್ಲ. ಬರೆದರೆ ಫೈಲುಗಳು ಕೆಡಬಹುದು ಅಂತ ಅದಕ್ಕೆ ಗೊತ್ತು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅನ್ನುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ವಿಂಡೋಸ್ ಏಳುವುದು ಕೆಲವು ಸೆಕೆಂಡ್ ನಿಧಾನ ಆಗುತ್ತದೆ. ಫೋರ್ಸ್ ಮಾಡಿ ಮೌಂಟ್ ಮಾಡುವ ಕಮಾಂಡ್ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ.