ಟ್ರಂಕಿನ ಕಾಗದ ವಿಂಗಡಿಸೋದು ಎಲ್ಲಿಂದ?

ಸರ್, ಸಿಂಧನೂರಿನ ಮನೆಯಲ್ಲಿ ಕ್ರಯಪತ್ರ, ಪಹಣಿ, ಮಕ್ಕಳ ಪ್ರಮಾಣಪತ್ರ, ಜೆಸ್ಕಾಂ ಕರೆಂಟು ಬಿಲ್ಲು ಎಲ್ಲ ಒಂದೇ ಟ್ರಂಕಿನಲ್ಲಿ ಕಲಸಿಹೋಗಿವೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ವರ್ಷವಾರು ಜೋಡಿಸಬೇಡಿ. ಹುಡುಕುವಾಗ ನೆನಪಿರೋದು ಕಾಗದ ಯಾವ ಕೆಲಸದ್ದು ಅನ್ನೋದು, ಇಸವಿಯಲ್ಲ. ಹೊಲ, ಮನೆ, ಮಕ್ಕಳು, ಬ್ಯಾಂಕು-ವಿಮೆ, ಬಿಲ್ಲು: 5 ಫೈಲು ಸಾಕು.

ಹೊಲದ್ದನ್ನು ಸರ್ವೆ ನಂಬರಿನ ಪ್ರಕಾರ ಇಡಿ. ಈಗಿನ ಪಹಣಿ ಸರ್ಕಾರದ ಜಮೀನು ದಾಖಲೆಯ 'ಭೂಮಿ' ತಂತ್ರಾಂಶದಲ್ಲಿ ಮತ್ತೆ ಸಿಗುತ್ತದೆ, ಹೊಸದೊಂದಿದ್ದರೆ ಆಯಿತು. ಕಂಪ್ಯೂಟರಿಗಿಂತ ಮುಂಚಿನ ಕೈಬರಹದ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆ) ನಕಲು ಮಾತ್ರ ಎಸೆಯಲೇಬೇಡಿ. ಹಕ್ಕಿನ ತಕರಾರು ಬಂದರೆ ಬೇಕಾಗೋದು ಅವೇ.

ಕ್ರಯಪತ್ರಕ್ಕೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕು ಕಾಗದ ಹರಿಯದೆ ಬಿಡಿಸಿಕೊಳ್ಳೋದಿಲ್ಲ, ಮೊಹರು ಪರೀಕ್ಷಿಸೋದೂ ಕಷ್ಟ. ತುಕ್ಕು ಹಿಡಿಯುವ ಪಿನ್ನು ತೆಗೆದು ಪಾಲಿಪ್ರೊಪಿಲೀನ್ ಕವರಿನಲ್ಲಿಡಿ. ಅಗ್ಗದ ಪಿವಿಸಿ ಕವರು ನಮ್ಮ ರಾಯಚೂರು ಸೀಮೆಯ ಬೇಸಿಗೆಗೆ ಜೆರಾಕ್ಸಿನ ಮಸಿಯನ್ನೇ ಎಳೆದುಕೊಳ್ಳುತ್ತದೆ.

ಮಕ್ಕಳ ಫೈಲಿನಲ್ಲಿ 371ಜೆ ಪ್ರಮಾಣಪತ್ರ, ಅಂದರೆ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಯದ್ದು, ಎಲ್ಲಕ್ಕಿಂತ ಮೇಲಿರಲಿ. ಸೀಟಿಗೂ ನೌಕರಿಗೂ ಅದನ್ನು ಕೇಳುತ್ತಾರೆ. ಆದಾಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ, ಮುಗಿಯುವ ತಾರೀಖನ್ನು ಕವರಿನ ಮೇಲೆ ಬರೆಯಿರಿ. ನುಣುಪು ಕಾಗದದ ಥರ್ಮಲ್ ರಸೀದಿಗಳನ್ನು ಇವತ್ತೇ ಜೆರಾಕ್ಸ್ ಮಾಡಿಸಿ, ಸೆಕೆಗೆ ಅಕ್ಷರ ಅಳಿಸಿಹೋಗುತ್ತವೆ. ಇನ್ನು ಟ್ರಂಕು: ಗೋಡೆಗೆ ತಾಗದಂತೆ ಇಟ್ಟಿಗೆ ಮೇಲಿಡಿ, ಗೆದ್ದಲು ಬಂದರೆ ಕಣ್ಣಿಗೆ ಬೀಳುತ್ತದೆ.