ಪಂಕ್ ಪತ್ರಿಕೆಯ ಹಾಗೆ ಕಾಣಬೇಕಿದ್ದರೆ ಕತ್ತರಿ, ಗೋಂದು ಹಿಡಿಯಿರಿ

ನಮಸ್ಕಾರ. ನಿಮ್ಮ ಬ್ಯಾಂಡಿಗೆ 16 ಪುಟದ ಪುಟ್ಟ ಪತ್ರಿಕೆ ಮಾಡಬೇಕು, ಅದು 1976–77ರ ಲಂಡನ್ನಿನ ಪಂಕ್ (ಅಬ್ಬರದ, ಸರಳ ರಾಕ್ ಸಂಗೀತ) ಪತ್ರಿಕೆಗಳ ಹಾಗೆ ಕಾಣಬೇಕು, ಯಾವ ಫಾಂಟ್, ಯಾವ ಫಿಲ್ಟರ್ ಹಾಕಲಿ ಅಂತ ಕೇಳಿದ್ದೀರಿ. ಎರಡೂ ಬೇಡ. ಕೈಯಲ್ಲೇ ಮಾಡಿ.

ಮಾರ್ಕ್ ಪೆರ್ರಿ ಎಂಬ ಬ್ಯಾಂಕ್ ಗುಮಾಸ್ತ 1976ರ ಜುಲೈಯಲ್ಲಿ ‘ಸ್ನಿಫಿನ್ ಗ್ಲೂ’ ಎಂಬ ಪಂಕ್ ಪತ್ರಿಕೆ ಶುರುಮಾಡಿದ. ಅಮೆರಿಕದ ಪಂಕ್ ಬ್ಯಾಂಡ್ ರಾಮೋನ್ಸ್ ಹಾಡು ಕೇಳಿ ಹುಚ್ಚು ಹಿಡಿದಿತ್ತು, ಆ ಸಂಗೀತಕ್ಕೆ ಅಂತಲೇ ಒಂದು ಪತ್ರಿಕೆ ಅಲ್ಲಿರಲಿಲ್ಲ. ಹಾಗಾಗಿ ತಾನೇ ಬರೆದ. ಒಂದು ಟೈಪ್‌ರೈಟರ್, ತಲೆಬರಹಕ್ಕೆ ದಪ್ಪ ಸ್ಕೆಚ್ ಪೆನ್, ಅಷ್ಟೇ. ತಪ್ಪಾದ ಪದ ಹೊಡೆದುಹಾಕಿ ಮುಂದಕ್ಕೆ ಹೋಗಿರುವುದು ಪುಟದಲ್ಲೇ ಕಾಣುತ್ತದೆ. ಮೊದಲ ಸಂಚಿಕೆ ಸುಮಾರು 50 ಪ್ರತಿ, ಜೆರಾಕ್ಸ್. ವರ್ಷದೊಳಗೆ ಅದು ಸಾವಿರಗಟ್ಟಲೆ ಹೋಗುತ್ತಿತ್ತು, 1977ರಲ್ಲೇ ನಿಲ್ಲಿಸಿಬಿಟ್ಟ. ನಾವು ಬರೆದದ್ದು ಓದಿ ಸುಮ್ನೆ ಕೂರಬೇಡಿ, ನಿಮ್ಮದೇ ಪತ್ರಿಕೆ ಮಾಡಿ ಅಂತ ಓದುಗರಿಗೆ ಹೇಳಿದವನು ಅವನು. ಶಾಲೆಯಲ್ಲಿ ಕೈಬರಹದ ಪತ್ರಿಕೆ ಮಾಡಿದವರಿಗೆ ಆ ಆಸೆ ಗೊತ್ತಿರುತ್ತದೆ ಅಲ್ವಾ?

ನೀವು ಹಾಕಿದ ಮೂರು ಗಿಟಾರ್ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ) ಚಿತ್ರ, ‘ಇಷ್ಟು ಕಲಿತರೆ ಬ್ಯಾಂಡ್ ಕಟ್ಟಿ’ ಅನ್ನುವುದು, ‘ಸ್ನಿಫಿನ್ ಗ್ಲೂ’ದಲ್ಲ. ಅದು ‘ಸೈಡ್‌ಬರ್ನ್ಸ್’ ಎಂಬ ಇನ್ನೊಂದು ಪತ್ರಿಕೆಯದು. ತುಂಬಾ ಜನ ತಪ್ಪು ತಿಳಿದಿದ್ದಾರೆ.

ಈಗ ಅಕ್ಷರ. ಪೇಪರಿನಿಂದ ಕತ್ತರಿಸಿ ಅಂಟಿಸಿದ ಅಕ್ಷರ ಅಂದರೆ ಎಲ್ಲರಿಗೂ ನೆನಪಾಗುವುದು ಕಲಾವಿದ ಜೇಮಿ ರೀಡ್. ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡಿಗೆ ಕೆಲಸ ಮಾಡುವ ಮುಂಚೆ, 1970ರ ಸುಮಾರಿಗೆ, ಅವರು ಲಂಡನ್ನಿನ ಕ್ರಾಯ್ಡನ್‌ನಲ್ಲಿ ‘ಸಬರ್ಬನ್ ಪ್ರೆಸ್’ ಎಂಬ ಪತ್ರಿಕೆ ನಡೆಸುತ್ತಿದ್ದರು. ಅಚ್ಚುಮೊಳೆ ಜೋಡಿಸಲು ಕಾಸಿಲ್ಲದಿದ್ದಾಗ ಪೇಪರಿನ ತಲೆಬರಹ ಕತ್ತರಿಸುವುದು ಅಗ್ಗ. 1977ರಲ್ಲಿ, ಬ್ರಿಟನ್ನಿನ ರಾಣಿ ಎಲಿಜಬೆತ್ ಸಿಂಹಾಸನಕ್ಕೆ ಬಂದ 25ನೇ ವರ್ಷದ ಸಂಭ್ರಮದ ಹೊತ್ತಿಗೆ, ಅದೇ ಕೈಕೆಲಸದಿಂದ ರಾಣಿಯ ಫೋಟೊದ ಕಣ್ಣು, ಬಾಯಿ ಮುಚ್ಚಿಬಿಟ್ಟರು. ಕಣ್ಣಿನ ಮೇಲೆ ‘ಗಾಡ್ ಸೇವ್ ದ ಕ್ವೀನ್’ ಅಂತ ಸೆಕ್ಸ್ ಪಿಸ್ಟಲ್ಸ್ ಹಾಡಿನ ಹೆಸರು, ಬಾಯಿಯ ಮೇಲೆ ಬ್ಯಾಂಡಿನ ಹೆಸರು. ಅದನ್ನು ನೋಡಿದಾಗಲೆಲ್ಲ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಕನ್ನಡದಲ್ಲಿ ಇದನ್ನು ಮಾಡುವಾಗ ಒಂದು ಎಚ್ಚರ. ಒತ್ತಕ್ಷರವನ್ನು ಬೇರೆ ಕತ್ತರಿಸಬೇಡಿ. ‘ಷ್ಟ್ರ’ ಬೇಕಿದ್ದರೆ ಇಡೀ ‘ಷ್ಟ್ರ’ವನ್ನೇ ಹುಡುಕಿ, ಕೆಳಗೆ ಜಾಗ ಬಿಟ್ಟು ಕತ್ತರಿಸಿ. ಕೊಂಬು, ದೀರ್ಘ ಕೂಡ ಅಕ್ಷರದ ಜೊತೆಗೇ ಬರಲಿ. ಜಾಹೀರಾತಿನ ಕಪ್ಪು ಪಟ್ಟಿಯಲ್ಲಿರುವ ಬಿಳಿ ಅಕ್ಷರ ಒಂದೆರಡು ಸೇರಿಸಿ. ತಲೆಬರಹ ಎರಡು ಮೂರು ಪದ ದಾಟಿದರೆ ಓದಲು ಕಷ್ಟ.

ಚಿತ್ರಕ್ಕೆ ಕಲಾವಿದೆ ಲಿಂಡರ್ ಸ್ಟರ್ಲಿಂಗ್ ಕೆಲಸ ನೋಡಿ. 1977ರಲ್ಲಿ ಬಝ್‌ಕಾಕ್ಸ್ ಎಂಬ ಪಂಕ್ ಬ್ಯಾಂಡಿನ ರೆಕಾರ್ಡಿನ ಹೊದಿಕೆಗೆ ಒಂದು ಹೆಣ್ಣಿನ ಮೈ, ತಲೆಯ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ. ಕೆಲವೇ ತುಂಡು, ಹೇಳಬೇಕಾದ್ದೆಲ್ಲ ಅಲ್ಲಿದೆ. ನೀವು ಕಳಿಸಿದ ಪುಟದಲ್ಲಿ ಹನ್ನೊಂದು ತುಂಡುಗಳಿವೆ. ಎಂಟು ತೆಗೆಯಿರಿ.

ಫೋಟೊವನ್ನು ನೇರ ಅಂಟಿಸಬೇಡಿ. ಮೊದಲು ಜೆರಾಕ್ಸ್ ಮಾಡಿ, ಆ ಪ್ರತಿಯನ್ನು ಸ್ವಲ್ಪ ಗಾಢವಾಗಿ ಮತ್ತೊಮ್ಮೆ ಮಾಡಿಸಿ. ಬೂದು ಬಣ್ಣ ಉದುರಿ ಕಪ್ಪು ಬಿಳುಪು ಮಾತ್ರ ಉಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ, ಜಾಸ್ತಿ ಮಾಡಿದರೆ ಮುಖವೇ ಹೋಗುತ್ತದೆ. ಬರೆಯಲು ಕಪ್ಪು ಪೆನ್ನೇ ಇರಲಿ, ನೀಲಿ ಜೆರಾಕ್ಸಿನಲ್ಲಿ ಮಸುಕಾಗುತ್ತದೆ. ನೀರಾದ ಗೋಂದು ಕಾಗದವನ್ನು ಸುಕ್ಕು ಮಾಡುತ್ತದೆ, ಗ್ಲೂ ಸ್ಟಿಕ್ ಒಳ್ಳೆಯದು. ತುಂಡುಗಳ ಅಂಚಿನ ಸಣ್ಣ ಗೆರೆ ಪ್ರತಿಯಲ್ಲಿ ಬೀಳುತ್ತದೆ. ಅದಕ್ಕೆ ವೈಟ್ನರ್ ಹಚ್ಚಬೇಡಿ, ಇರಲಿ, ಚೆಂದ.

16 ಪುಟಕ್ಕೆ ನಾಲ್ಕು ಎ4 ಹಾಳೆ ಸಾಕು. ಅಡ್ಡ ಇಟ್ಟು ನಡುವೆ ಮಡಿಸಿ, ಒಂದರೊಳಗೆ ಒಂದು ಸೇರಿಸಿ, ಪೆನ್ಸಿಲ್‌ನಲ್ಲಿ ಪುಟ ಸಂಖ್ಯೆ ಹಾಕಿ ಡಮ್ಮಿ (ಮಾದರಿ ಪುಸ್ತಕ) ಮಾಡಿಕೊಳ್ಳಿ. ಹಾಳೆಯ ಒಂದೇ ಮುಖದಲ್ಲಿ ಅಕ್ಕಪಕ್ಕ ಬರುವ ಎರಡು ಸಂಖ್ಯೆ ಕೂಡಿದರೆ 17 ಬರಬೇಕು: 16 ಮತ್ತು 1, 2 ಮತ್ತು 15, ಹೀಗೆ. ಸುತ್ತ ಒಂದು ಸೆಂಟಿಮೀಟರ್ ಖಾಲಿ ಬಿಡಿ, ಮೆಷಿನ್ ಅಂಚಿನವರೆಗೆ ಹಿಡಿಯುವುದಿಲ್ಲ. ಎರಡೂ ಕಡೆ ಮಾಡಿಸುವಾಗ ಒಂದೇ ಪ್ರತಿ ತೆಗೆಸಿ, ತಲೆಕೆಳಗಾಗಿಲ್ಲ ಅಂತ ನೋಡಿಕೊಂಡು ಉಳಿದದ್ದಕ್ಕೆ ಹೇಳಿ.

ಉದ್ದ ಸ್ಟೇಪ್ಲರ್ ಇಲ್ಲದಿದ್ದರೆ ಮಾಮೂಲಿಯದನ್ನೇ ಬಿಚ್ಚಿ, ಹಾಳೆಯ ಕೆಳಗೆ ಥರ್ಮಾಕೋಲ್ ಇಟ್ಟು ಒತ್ತಿ, ಪಿನ್ನನ್ನು ಚಮಚದ ಹಿಂಬದಿಯಿಂದ ಮಡಿಸಿ. ಡಮ್ಮಿ ಆದ ಮೇಲೆ ಅದರ ಫೋಟೊ ತೆಗೆದು ನನಗೆ ಕಳಿಸಿ, ಜೆರಾಕ್ಸಿಗೆ ಕೊಡುವ ಮುಂಚೆ ಪುಟಗಳ ಕ್ರಮ ನೋಡಿ ಹೇಳುತ್ತೇನೆ.