ಗ್ಯಾರೇಜಿನಲ್ಲೇ ಮರಗೆಲಸದ ವರ್ಕ್‌ಶಾಪು: 12×20 ಅಡಿ ಸಾಕೇ?

ಅಣ್ಣಿಗೇರಿಯ ಹೊರವಲಯದಲ್ಲಿರುವ ನಿಮ್ಮ 5 ಗುಂಟೆ ಜಾಗದಲ್ಲಿ ಮನೆಯಿಂದ ಬೇರೆಯಾಗಿ ಒಂದು ಗ್ಯಾರೇಜು ಕಟ್ಟಿಸಿ, ರಾತ್ರಿ ಅದರಲ್ಲಿ ಕಾರು ನಿಲ್ಲಿಸಿ, ರಜೆಯ ದಿನಗಳಲ್ಲಿ ಅಲ್ಲೇ ಮರಗೆಲಸ ಮಾಡಬೇಕೆಂದು ಯೋಚಿಸಿದ್ದೀರಿ. ಗೌಂಡಿಯವರು ಸೂಚಿಸಿದ 12×20 ಅಡಿ ಅದಕ್ಕೆ ಸಾಕೇ, ಯಂತ್ರಗಳನ್ನು ಹೇಗೆ ಹೊಂದಿಸಬೇಕು ಎಂದು ಕೇಳಿದ್ದೀರಿ. ಸಾಲದು. ಗೋಡೆಯ ದಪ್ಪವನ್ನು ಬಿಟ್ಟು ಒಳಗಿನ ಅಳತೆಯೇ 18×24 ಅಡಿ ಇರಲಿ ಎಂದು ನಾನು ಹೇಳುತ್ತೇನೆ. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ: ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ನಾನು ಇಂಥ ಕೋಣೆಯನ್ನು ಎರಡು ಸಲ ಕಟ್ಟಿಸಿದವನು, ಮೊದಲನೆಯದನ್ನು ಕಟ್ಟಿಸಿದ ಮೂರೇ ವರ್ಷಕ್ಕೆ ಕೆಡವಿಸಿದವನು.

ಆ ಮೊದಲ ಕೋಣೆ 10×15 ಅಡಿಯದಾಗಿತ್ತು. ಕಾಗದದ ಮೇಲೆ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ಮರ ಹೆರೆದು ನಯಮಾಡುವ ರಂದಾ ಮಷಿನ್, ಡ್ರಿಲ್ ಮಷಿನ್, ಕೆಲಸದ ಮೇಜು ಎಲ್ಲವನ್ನೂ ಚೌಕಗಳಾಗಿ ಬರೆದು ನೋಡಿದಾಗ ಜಾಗ ಉಳಿಯುವಂತೆಯೇ ಕಾಣುತ್ತಿತ್ತು. ಮೊದಲ ದಿನ 8 ಅಡಿಯ ಹಲಗೆಯನ್ನು ಗರಗಸಕ್ಕೆ ಕೊಟ್ಟಾಗ, ಅರ್ಧ ಸೀಳಿದ ಹಲಗೆ ಎದುರಿನ ಗೋಡೆಗೆ ತಾಗಿ ನಿಂತಿತು. ಕೊನೆಗೆ ಮೇಜಿನ ಮಟ್ಟಕ್ಕೆ ಸರಿಯಾಗಿ ಗೋಡೆಯಲ್ಲಿ ಒಂದು ಕಿಂಡಿ ಕೊರೆಸಿದೆ. ಅಲ್ಲಿಂದ ಮುಂದೆ ನಾನು ಒಳಗೆ ಹಲಗೆ ನೂಕಿದರೆ ಅದರ ತುದಿ ಓಣಿಯಲ್ಲಿ ಹೊರಬರುತ್ತಿತ್ತು, ಅದನ್ನು ನೋಡಲು ಓಣಿಯ ಮಕ್ಕಳು ಕಾದು ಕೂರುತ್ತಿದ್ದರು. ಅವರಿಗೆ ಅದು ಆಟ. ನನಗೆ ಮಾತ್ರ ತುದಿ ಯಾರ ಹೊಟ್ಟೆಗೆ ತಾಗುವುದೋ ಎಂಬ ಭಯ.

ಯಂತ್ರ ನಿಲ್ಲುವ ಜಾಗವನ್ನಷ್ಟೇ ಲೆಕ್ಕ ಹಿಡಿದು, ಮರ ಬಂದು ಹೋಗುವ ದಾರಿಯನ್ನು ಮರೆತದ್ದು ನನ್ನ ತಪ್ಪು. ನಮ್ಮ ಬೆಟಗೇರಿಯ ಹಳೆಯ ನೇಕಾರರ ಮನೆಗಳನ್ನು ನೋಡಿದರೆ ಅವರಿಗೆ ಇದು ತಿಳಿದಿತ್ತೆಂಬುದು ಗೊತ್ತಾಗುತ್ತದೆ. ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಕುಣಿಮಗ್ಗಕ್ಕೆ ಎಷ್ಟು ಜಾಗ ಬೇಕು, ಹಾಸು ಅಂದರೆ ಉದ್ದದ ನೂಲು ಎಳೆಯಲು ಎಷ್ಟು ಬೇಕು, ಮಗ್ಗದ ಮೇಲೆ ಬೆಳಕು ಎಲ್ಲಿಂದ ಬೀಳಬೇಕು ಎಂಬುದು ಮೊದಲು, ಮಲಗುವ ಮೂಲೆ ಆಮೇಲೆ. ನೀವು ಕೊಳ್ಳಬೇಕೆಂದಿರುವ ಟೇಬಲ್ ಸಾ ನಿಲ್ಲಲು ಎರಡೂವರೆ ಅಡಿ ಸಾಕು. ಆದರೆ 8 ಅಡಿಯ ಹಲಗೆ ಸೀಳಬೇಕಾದರೆ ಯಂತ್ರದ ಹಿಂದೆ 8 ಅಡಿ, ಮುಂದೆ 8 ಅಡಿ, ಒಟ್ಟು ಹದಿನೆಂಟೂವರೆ ಅಡಿಯ ನೇರ ದಾರಿ ಬೇಕು. ಇದಲ್ಲದೆ ನೀವು ನಿಲ್ಲಬೇಕು, ಪಕ್ಕಕ್ಕೆ ಸರಿಯಬೇಕು. ಆದ್ದರಿಂದ 24 ಅಡಿ ಉದ್ದ ದುಂದಲ್ಲ.

ಇನ್ನು ಕಾರು. 4 ಮೀಟರಿನೊಳಗಿನ ಸಣ್ಣ ಕಾರಿನ ಉದ್ದ ಸುಮಾರು 13 ಅಡಿ, ಅಗಲ ಸುಮಾರು ಐದೂಮುಕ್ಕಾಲು ಅಡಿ. ಎರಡೂ ಬದಿಯ ಬಾಗಿಲು ತೆರೆದು ಇಳಿಯಲು ತಲಾ ಎರಡೂವರೆ ಅಡಿ ಸೇರಿಸಿದರೆ ಅಗಲ 11 ಅಡಿಯ ಸಮೀಪಕ್ಕೆ ಬರುತ್ತದೆ, ಹಿಂದೆ ಮುಂದೆ ಓಡಾಡುವ ಜಾಗ ಸೇರಿದರೆ ಉದ್ದ 16 ಅಡಿಯಾಗುತ್ತದೆ. ಅಂದರೆ 12×20 ಅಡಿಯ ಕೋಣೆಯಲ್ಲಿ ಕಾರು ಸುಖವಾಗಿ ನಿಂತ ಮೇಲೆ ನಿಮಗೆ ಉಳಿಯುವುದು ಪಕ್ಕದಲ್ಲಿ 1 ಅಡಿ, ಹಿಂದೆ 4 ಅಡಿ. ಅಷ್ಟರಲ್ಲಿ ಪೊರಕೆ ನಿಲ್ಲಿಸಬಹುದು. 18×24 ಅಡಿಯಲ್ಲಾದರೆ ಕಾರಿನ ಪಕ್ಕದಲ್ಲಿ ಉದ್ದಕ್ಕೂ 7 ಅಡಿ, ಕಾರಿನ ಹಿಂದೆ 8 ಅಡಿ ಆಳದ ಪಟ್ಟಿ ಉಳಿಯುತ್ತವೆ. ಎರಡೂ ಸೇರಿ ಸುಮಾರು 256 ಚದರ ಅಡಿಯಾಗುತ್ತದೆ, ಕಾರು ಒಳಗಿದ್ದಾಗಲೂ ಮೇಜಿನ ಮೇಲಿನ ಕೆಲಸ ನಿಲ್ಲುವುದಿಲ್ಲ.

ಹೊಂದಿಸುವ ಬಗೆ ಹೀಗಿರಲಿ. ಕೆಲಸದ ಮೇಜನ್ನು 7 ಅಡಿಯ ಪಟ್ಟಿಯಲ್ಲಿ ಕಿಟಕಿಯ ಕೆಳಗೆ ಗೋಡೆಗೆ ಒತ್ತಿ ಕೂರಿಸಿ. ಅದರ ಆಳ 2 ಅಡಿ, ಎತ್ತರ ನೀವು ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಬರುವ ಮಟ್ಟ. ಹೆಚ್ಚಿನವರಿಗೆ ಅದು 34 ಇಂಚಿನ ಆಸುಪಾಸಿನಲ್ಲಿರುತ್ತದೆ, ಆದರೂ ಅಂಗಡಿಯವರು ಕೊಟ್ಟ ಅಳತೆಗಿಂತ ನಿಮ್ಮ ಮಣಿಕಟ್ಟನ್ನೇ ನಂಬಿರಿ. ಡ್ರಿಲ್ ಮಷಿನ್ನು ಅದೇ ಗೋಡೆಗೆ ಇರಲಿ, ಅದಕ್ಕೆ ಉದ್ದದ ಮರ ಎಡಬಲಕ್ಕೆ ಚಾಚುವುದರಿಂದ ಮೂಲೆಗೆ ತಳ್ಳಬೇಡಿ. ಟೇಬಲ್ ಸಾ ಮತ್ತು ರಂದಾ ಮಷಿನ್‌ಗಳಿಗೆ ಬ್ರೇಕ್ ಇರುವ ಗಾಲಿ ಹಾಕಿಸಿ ಹಿಂದಿನ ಪಟ್ಟಿಯಲ್ಲಿ ನಿಲ್ಲಿಸಿಟ್ಟರೆ, ಕಾರು ಹೊರಗೆ ಹೋದ ಕೂಡಲೇ ಗರಗಸವನ್ನು ನಡುವಿಗೆ ಎಳೆದು ಶಟರಿಗೆ ಮುಖ ಮಾಡಿ ನಿಲ್ಲಿಸಬಹುದು. ಆಗ 12 ಅಡಿಯ ತೊಲೆಯ ತುದಿಯೂ ತೆರೆದ ಶಟರಿನ ಮೂಲಕ ಹೊರಗೆ ಹೋಗುತ್ತದೆ. ನಾನು ಗೋಡೆ ಕೊರೆದು ಪಡೆದದ್ದನ್ನು ನೀವು ಬಾಗಿಲಿನಿಂದಲೇ ಪಡೆಯುತ್ತೀರಿ. ಶಟರಿನ ಅಗಲ 10 ಅಡಿ, ಎತ್ತರ 8 ಅಡಿ ಇರಲಿ. ಮೇಲೆ ಸುರುಳಿ ಕೂರಲು ಅಡಿಗಿಂತ ಹೆಚ್ಚು ಜಾಗ ಬೇಕೆಂಬುದನ್ನು ತೊಲೆ ಹಾಕುವ ಮೊದಲೇ ನೆನಪಿಡಿ. ಇದರ ಜೊತೆಗೆ ಪಕ್ಕದ ಗೋಡೆಯಲ್ಲಿ ಮೂರೂವರೆ ಅಡಿ ಅಗಲದ ಬೇರೊಂದು ಬಾಗಿಲು ಬೇಕು, ಇಲ್ಲದಿದ್ದರೆ ಒಂದು ಉಳಿ ತರಲು ಕೂಡ ಶಟರು ಎತ್ತುವ ಕೆಲಸವಾಗುತ್ತದೆ.

ಚಾವಣಿಯ ಎತ್ತರದ ಬಗ್ಗೆ ನೀವು ಕೇಳಿಲ್ಲ, ಆದರೆ ಅದೇ ಎಲ್ಲರೂ ಎಡವುವ ಜಾಗ. 8×4 ಅಡಿಯ ಪ್ಲೈವುಡ್ ಹಾಳೆಯ ಮೂಲೆಯಿಂದ ಮೂಲೆಗೆ ಅಳೆದರೆ ಹೆಚ್ಚುಕಡಿಮೆ 9 ಅಡಿ ಬರುತ್ತದೆ. ಮಲಗಿದ ಹಾಳೆಯನ್ನು ನಿಲ್ಲಿಸಲು ತಿರುಗಿಸುವಾಗ ಮೂಲೆ ಅಷ್ಟು ಮೇಲಕ್ಕೆ ಹೋಗುತ್ತದೆ, ಕೆಳಗಿಳಿದ ಟ್ಯೂಬ್‌ಲೈಟು, ಫ್ಯಾನು ಅದಕ್ಕೆ ಸಿಗಬಾರದು. ಆದ್ದರಿಂದ ಒಳಗೆ 11 ಅಡಿ ಎತ್ತರ ಇರಲಿ. ತಗಡಿನ ಚಾವಣಿ ಹಾಕಿಸುವುದಾದರೆ ಈ ಎತ್ತರ ಏಪ್ರಿಲ್, ಮೇ ತಿಂಗಳ ಕಾವಿಗೂ ಸ್ವಲ್ಪ ಪರಿಹಾರ.

ಈಗ ನಿಮ್ಮ ನೆಲದ ವಿಷಯ. ನನ್ನ ದೃಷ್ಟಿಯಲ್ಲಿ ಉದ್ದ ಅಗಲಕ್ಕಿಂತ ಇದೇ ದೊಡ್ಡದು. ಅಣ್ಣಿಗೇರಿ, ನವಲಗುಂದ, ಗದಗದ ಕಡೆಯ ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಈ ಉಸಿರಾಟ ಪ್ರತಿ ವರ್ಷವೂ ನಡೆಯುತ್ತದೆ. ನನ್ನ ಮೊದಲ ಕೋಣೆಯ ಗೋಡೆಗೆ ಪಾಯ ಸರಿಯಾಗಿತ್ತು. ನೆಲವನ್ನು ಮಾತ್ರ ಎರೆಯ ಮೇಲೆಯೇ ಒಂದು ಪದರ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಹರಡಿ ಫರಸಿ ಕಲ್ಲು ಹಾಸಿ ಮುಗಿಸಿದ್ದರು, ನಾನೂ ಒಪ್ಪಿದ್ದೆ. ಎರಡನೆಯ ಮಳೆಗಾಲಕ್ಕೆ ನಡುವಿನ ಫರಸಿಗಳು ಇಂಚಿನಷ್ಟು ಎದ್ದವು, ಗರಗಸದ ಒಂದು ಕಾಲು ಗಾಳಿಯಲ್ಲಿ ನಿಂತಿತು. ಪ್ರತಿ ಕಾಲಿಗೂ ಚಕ್ಕೆ ಕೊಟ್ಟು ಮಟ್ಟ ಮಾಡುವುದು, ಬೇಸಿಗೆಯಲ್ಲಿ ಅವನ್ನೇ ತೆಗೆಯುವುದು ನನಗೊಂದು ವಾರ್ಷಿಕ ಹಬ್ಬವಾಗಿತ್ತು.

ಎರಡನೆಯ ಸಲ ಮಾಡಿಸಿದ್ದು ಹೀಗೆ. ಗೋಡೆಯ ಪಾಯವನ್ನು ಎರೆ ದಾಟಿ ಗಟ್ಟಿ ಗರಸು ಸಿಗುವವರೆಗೆ ಇಳಿಸಿದೆವು. ಗರಸು ಬಹಳ ಆಳದಲ್ಲಿದ್ದರೆ ಇಂಜಿನಿಯರ್ ಒಬ್ಬರನ್ನು ಕರೆಸಿ ಅಂಡರ್ ರೀಮ್ಡ್ ಪೈಲ್ ಬಗ್ಗೆ ಕೇಳಿರಿ. ಅದು ಕೆಳಗೆ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬ, ನಮ್ಮ ದೇಶದ ಎರೆ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ವಿಧಾನ. ನೆಲದಲ್ಲಿ 3 ಅಡಿಯವರೆಗೆ ಎರೆಯನ್ನು ತೆಗೆಸಿ, ಗರಸನ್ನು 6 ಇಂಚಿನ ಪದರಗಳಲ್ಲಿ ನೀರು ಹಾಕಿ ಧಮ್ಮಸು ಮಾಡಿಸಿ, ಮೇಲೆ ಸರಳಿನ ಜಾಳಿಗೆ ಇಟ್ಟು 5 ಇಂಚಿನ ಕಾಂಕ್ರೀಟು ಹಾಕಿಸಿದೆ. ಈ ಹಾಸು ಗೋಡೆಗೆ ಅಂಟದಂತೆ ಸುತ್ತ ಅರ್ಧ ಇಂಚಿನ ಸಂದು ಬಿಡಿಸಿದ್ದೇನೆ: ನೆಲ ಅಲುಗಾಡಿದರೂ ಗೋಡೆಯನ್ನು ಎಳೆದುಕೊಂಡು ಹೋಗಬಾರದು. ಹೊರಗೆ ಸುತ್ತಲೂ 3 ಅಡಿ ಅಗಲದ ಇಳಿಜಾರು ಕಟ್ಟೆ ಇದೆ, ಚಾವಣಿಯ ನೀರು ಪಾಯದ ಬುಡಕ್ಕೆ ಇಳಿಯದೆ ದೂರ ಹರಿಯುತ್ತದೆ. ಮಳೆಯಲ್ಲಿ ನೆನೆದು ಬಂದ ಕಾರಿನ ನೀರು ಹೊರಗೆ ಹೋಗಲು ಶಟರಿನ ಕಡೆಯ 8 ಅಡಿಗೆ ಮಾತ್ರ ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟು, ಉಳಿದದ್ದನ್ನು ಪೂರ್ತಿ ಮಟ್ಟವಾಗಿಡಿ. ಕಾರಿನ ಕೆಳಗಿಳಿದು ನೋಡಲು ನೆಲದಲ್ಲಿ ಗುಂಡಿ ಬೇಕೆಂಬ ಆಸೆ ನಿಮ್ಮ ಪ್ರಶ್ನೆಯ ಕೊನೆಯಲ್ಲಿದೆ. ಎರೆ ಭೂಮಿಯಲ್ಲಿ ದಯವಿಟ್ಟು ಅದನ್ನು ಬಿಟ್ಟುಬಿಡಿ. ಮಳೆಗಾಲದಲ್ಲಿ ಅದು ಬಾವಿಯಾಗುತ್ತದೆ, ಅದರ ಗೋಡೆಗಳನ್ನು ಮಣ್ಣು ಒಳಕ್ಕೆ ತಳ್ಳುತ್ತದೆ.

ಬೆಳಕಿಗೆ ಉತ್ತರದ ಕಿಟಕಿ ಉತ್ತಮವೆಂದು ಎಲ್ಲೆಡೆ ಓದುತ್ತೀರಿ. ಅದು ನಿಜ, ಆದರೆ ನಮ್ಮ ಅಕ್ಷಾಂಶದಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಎರಡು ಅಡಿಯ ಛಜ್ಜಾ ಹಾಕಿಸಿದರೆ ಆ ಬಿಸಿಲು ಮೇಜಿಗೆ ಬರುವುದಿಲ್ಲ. ರಾತ್ರಿಯ ಕೆಲಸಕ್ಕೆ, 432 ಚದರ ಅಡಿ ಎಂದರೆ ಸುಮಾರು 40 ಚದರ ಮೀಟರಿಗೆ 500 ಲಕ್ಸ್ (ಪ್ರತಿ ಚದರ ಮೀಟರಿಗೆ ಬೀಳುವ ಬೆಳಕಿನ ಅಳತೆ) ಬೇಕೆಂದು ಹಿಡಿದರೆ ದೀಪಗಳು ಕೊಡಬೇಕಾದ ಒಟ್ಟು ಬೆಳಕು 20,000 ಲ್ಯೂಮೆನ್ ಆಗುತ್ತದೆ. 20 ವ್ಯಾಟಿನ ಒಂದು ಎಲ್‌ಇಡಿ ಟ್ಯೂಬು ಸುಮಾರು 2,000 ಕೊಡುವುದರಿಂದ ಲೆಕ್ಕಕ್ಕೆ 10 ಸಾಕು, ಧೂಳು ಹಿಡಿಯುವುದನ್ನು ನೋಡಿದರೆ 14 ಹಾಕಿಸಿ.

ವಿದ್ಯುತ್ತಿಗೆ ಮನೆಯ ಬೋರ್ಡಿನಿಂದ ಪ್ರತ್ಯೇಕ ಲೈನು ಎಳೆಸಿ ಇಲ್ಲಿ ಬೇರೆ ಬೋರ್ಡು ಕೂರಿಸುವುದು ಅಗತ್ಯ. 2 ಎಚ್‌ಪಿ ಮೋಟಾರು ಓಡುವಾಗ 10 ಆಂಪಿಯರಿನ ಆಸುಪಾಸಿನಲ್ಲಿದ್ದರೂ ಹೊರಡುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ಸಣ್ಣ ತಂತಿಯಾದರೆ ಮನೆಯ ದೀಪ ಮಂಕಾಗಿ ಅಡುಗೆಮನೆಯಿಂದ ಕೂಗು ಬರುತ್ತದೆ. ಗರಗಸಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ವಿದ್ಯುತ್ತು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಒಳ್ಳೆಯ ಅರ್ಥಿಂಗ್ ಇರಲಿ. ಪ್ಲಗ್ಗುಗಳು ನೆಲದಿಂದ 42 ಇಂಚು ಮೇಲಿದ್ದರೆ ಮೇಜಿನ ಹಿಂದೆ ಅಡಗುವುದಿಲ್ಲ. ನಡುವಿಗೆ ಎಳೆಯುವ ಗರಗಸಕ್ಕೆ ಮಾತ್ರ ಚಾವಣಿಯಿಂದ ಇಳಿಬಿಟ್ಟ ತಂತಿಯೇ ಸರಿ, ನೆಲದ ಮೇಲೆ ತಂತಿ ಹರಿದಾಡಬಾರದು. ವೆಲ್ಡಿಂಗ್ ಮಾಡುವುದಾದರೆ ಹೊರಗಿನ ಕಟ್ಟೆಯ ಮೇಲೆ ಮಾಡಿರಿ. ಹೊಟ್ಟು ಮತ್ತು ಪೆಟ್ರೋಲು ಇರುವ ಕೋಣೆಯಲ್ಲಿ ಕಿಡಿ ಬೇಡ.

ಹಣ ಸಾಲದಿದ್ದರೆ ಅಳತೆಯನ್ನು ಕತ್ತರಿಸಬೇಡಿ. ಗಿಲಾವು, ಬಣ್ಣ, ಕಪಾಟುಗಳನ್ನು ಮುಂದಿನ ವರ್ಷಕ್ಕೆ ತಳ್ಳಬಹುದು, ಆದರೆ ಪಾಯ, ಎತ್ತರ, ಶಟರಿನ ಅಗಲ ಮತ್ತು ಗೋಡೆಯೊಳಗಿನ ಪೈಪುಗಳನ್ನು ತಳ್ಳಲಾಗದು. ಪಾಯ ತೋಡುವ ಮೊದಲು ಒಂದು ಭಾನುವಾರ ಜಾಗದಲ್ಲಿ ಸುಣ್ಣದ ಪುಡಿಯಿಂದ ಗೋಡೆಗಳನ್ನು ನಿಜವಾದ ಅಳತೆಯಲ್ಲೇ ಎಳೆದು, ಕಾರನ್ನು ತಂದು ನಿಲ್ಲಿಸಿ, ಗರಗಸದ ಜಾಗದಲ್ಲಿ ಒಂದು ಖಾಲಿ ಡ್ರಮ್ಮು ಇಟ್ಟು, 8 ಅಡಿಯ ಬಿದಿರನ್ನು ಹಿಡಿದು ಓಡಾಡಿ ನೋಡಿ. ಬಿದಿರು ಸುಣ್ಣದ ಗೆರೆ ದಾಟಿದಲ್ಲೆಲ್ಲ ನಾಳೆ ಗೋಡೆಗೆ ತಾಗುತ್ತದೆ.

ನಿಮ್ಮ ಜಾಗಕ್ಕೆ ರಸ್ತೆ ಯಾವ ದಿಕ್ಕಿಗಿದೆ ಎಂಬುದನ್ನು ನೀವು ಬರೆದಿಲ್ಲ. ಪೂರ್ವಕ್ಕೋ ಉತ್ತರಕ್ಕೋ ಇದ್ದರೆ ಮೇಲೆ ಹೇಳಿದಂತೆಯೇ ಶಟರು ರಸ್ತೆಗೆ ಮುಖವಾಗಿರಲಿ. ಪಶ್ಚಿಮಕ್ಕಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ಮಳೆಯನ್ನು ನೇರವಾಗಿ ಒಳಗೆ ಹೊಡೆಯುತ್ತದೆ. ಆಗ ಕಾರನ್ನು ಸುತ್ತುಹಾಕಿಸಿ ತರುವಂತೆ ಶಟರನ್ನು ಉತ್ತರಕ್ಕೆ ತಿರುಗಿಸಬೇಕಾಗಬಹುದು, ಕಿಟಕಿ ಮತ್ತು ಕೆಲಸದ ಮೇಜು ಪೂರ್ವದ ಗೋಡೆಗೆ ಹೋಗುತ್ತವೆ. ದಿಕ್ಕನ್ನು ಮತ್ತು ಮನೆ ಜಾಗದ ಯಾವ ಬದಿಗೆ ಬರುತ್ತದೆ ಎಂಬುದನ್ನು ತಿಳಿಸಿದರೆ ಉಳಿದದ್ದನ್ನು ಬರೆಯುತ್ತೇನೆ.